ಪಾಡ್ಯವೆಂದರೆ ಒಂದನೇ ತಾರೀಖು

ನನಗೆ ಹುಟ್ಟಿದ ದಿನಗಳು ಎರಡು. ಒಂದು ಅವ್ವ ಹೇಳಿದ್ದು, ಇನ್ನೊಂದು ಊರ ಶಾಲೆಯ ಹೆಡ್ ಮಾಸ್ತರರು ಬರೆದದ್ದು. ಅವ್ವ ಹೇಳಿದ್ದು ಯುಗಾದಿ ಪಾಡ್ಯ. ಮಾಸ್ತರರು ಬರೆದದ್ದು ಎಪ್ರಿಲ್ ಒಂದು.

ರಾಯಬಾಗ ತಾಲೂಕಿನ ನಮ್ಮೂರ ಶಾಲೆಗೆ ಅವ್ವ ನನ್ನನ್ನು ಸೇರಿಸಲು ಕರೆದುಕೊಂಡು ಹೋದ ದಿನ ನನಗೆ ನೆನಪಿದೆ ಎಂದರೆ ಸುಳ್ಳಾಗುತ್ತದೆ. ಅವಳು ಅದನ್ನು ಎಷ್ಟು ಸಲ ಹೇಳಿದ್ದಾಳೆಂದರೆ ನೆನಪಿದೆ ಅನ್ನಿಸುತ್ತದೆ, ಅಷ್ಟೇ. ಆಗ ನಮ್ಮ ಕಡೆ ಮಕ್ಕಳು ಹುಟ್ಟಿದ ತಾರೀಖನ್ನು ಯಾರೂ ಬರೆದಿಡುತ್ತಿರಲಿಲ್ಲ. ಮಾಸ್ತರರು ಕಣ್ಣಳತೆಯಲ್ಲಿ ಒಂದು ವರ್ಷ ಗೊತ್ತುಮಾಡಿ, ಅದರ ಮುಂದೆ ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಹಾಗಾಗಿ ನನ್ನ ತರಗತಿಯ ಮುಕ್ಕಾಲು ಪಾಲು ಮಕ್ಕಳು ಒಂದೇ ದಿನ ಹುಟ್ಟಿದವರು. ನನ್ನನ್ನೂ ಆ ಗುಂಪಿಗೆ ಸೇರಿಸಿದ್ದರೆ ಚೆನ್ನಾಗಿತ್ತು. ಆದರೆ ನಮ್ಮವ್ವ ಸುಮ್ಮನಿರುವ ಪೈಕಿ ಅಲ್ಲ.

"ನಮ್ಮ ಹುಡಿಗಿ ಯುಗಾದಿ ಪಾಡ್ಯಾದ ದಿನ ಹುಟ್ಟೇತ್ರಿ," ಎಂದಳಂತೆ. "ಬೇವು ಬೆಲ್ಲ ಕುಟ್ಟೂ ಹೊತ್ತಿನ್ಯಾಗ ನನಗ ಬ್ಯಾನಿ ಚಾಲೂ ಆದೂ."

ಮಾಸ್ತರರು ಪೆನ್ನು ಎತ್ತಿ ಯೋಚಿಸಿದರಂತೆ. "ಯುಗಾದಿ ಅಂದ್ರ ಎಪ್ರಿಲ್. ಪಾಡ್ಯಾ ಅಂದ್ರ ಒಂದನೇ ತಾರೀಖು. ಎಪ್ರಿಲ್ ಒಂದು ಅಂತ ಬರೀತೀನಿ ನೋಡವಾ."

ಅವ್ವನಿಗೆ ಬಹಳ ಸಂತೋಷವಾಯಿತು. ಉಳಿದವರ ಮಕ್ಕಳಿಗೆಲ್ಲ ಸರಕಾರಿ ತಾರೀಖು, ತನ್ನ ಮಗಳಿಗೆ ಮಾತ್ರ ನಿಜವಾದದ್ದು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಚಂದ್ರನನ್ನು ನೋಡಿ ಎಣಿಸುವ ಪಾಡ್ಯಕ್ಕೂ ಇಂಗ್ಲಿಷ್ ತಿಂಗಳ ಒಂದನೇ ತಾರೀಖಿಗೂ ಸಂಬಂಧವಿಲ್ಲ, ಯುಗಾದಿ ಒಂದು ವರ್ಷ ಮಾರ್ಚಿನಲ್ಲಿ ಬಂದರೆ ಇನ್ನೊಂದು ವರ್ಷ ಎಪ್ರಿಲ್ ನಡುವೆ ಬರುತ್ತದೆ ಎಂದು ಅವಳಿಗೆ ತಿಳಿಸಿ ಹೇಳಲು ನಾನು ಬಿ.ಎ. ಓದಬೇಕಾಯಿತು. ಹೇಳಿದರೂ ಅವಳು ಒಪ್ಪಲಿಲ್ಲ. "ಮಾಸ್ತರಗಿಂತ ಶಾಣ್ಯಾಕಿ ಆದಿ ಏನ?" ಎಂದಳು.

ಚಿಕ್ಕೋಡಿಯ ಕಾಲೇಜಿಗೆ ಸೇರಿ ಹಾಸ್ಟೆಲಿನಲ್ಲಿದ್ದಾಗ ಎಪ್ರಿಲ್ ಒಂದು ಎಂದರೇನು ಎಂಬುದು ಮೊದಲ ಸಲ ನನಗೆ ತಿಳಿಯಿತು. ಅಲ್ಲಿಯವರೆಗೆ ನಮಗೆ ಮೋಸ, ಕೀಟಲೆ, ಸುಳ್ಳು ಅಳು ಎಲ್ಲ ಹೋಳಿ ಹುಣ್ಣಿಮೆಗೆ ಮೀಸಲು. ಹುಡುಗರು ಕುಳ್ಳು ಕಟ್ಟಿಗೆ ಕದಿಯುತ್ತಿದ್ದರು, ನಾವು ಬೈಯುತ್ತಿದ್ದೆವು, ಅಲ್ಲಿಗೆ ಮುಗಿಯುತ್ತಿತ್ತು. ಮೊದಲ ವರ್ಷದ ಎಪ್ರಿಲ್ ಒಂದರ ಸಂಜೆ ನಾನು ಅರ್ಧ ಕಿಲೋ ಪೇಢೆ ತಂದು, ಇವತ್ತು ನನ್ನ ಹುಟ್ಟಿದ ದಿನ ಎಂದು ಕೋಣೆಯಿಂದ ಕೋಣೆಗೆ ಹೇಳಿಕೊಂಡು ಹೋದೆ. ಒಬ್ಬಳೂ ಪೇಢೆ ಬಾಯಿಗೆ ಹಾಕಲಿಲ್ಲ.

"ಪೇಢೇದಾಗ ಏನ ತುಂಬಿ ಖರೇ ಹೇಳ, ಖಾರಪುಡಿ ಹೌದಲ್ಲ?" ಎಂದು ಒಬ್ಬಳು ನಕ್ಕಳು. ಇನ್ನೊಬ್ಬಳು ಪೇಢೆ ಮುರಿದು ಒಳಗೆ ಸೋಪಿನ ಚೂರು ಹುಡುಕಿದಳು. ನಾನು ಆಣೆ ಮಾಡಿದಷ್ಟೂ ಅವರಿಗೆ ನಗು ಹೆಚ್ಚಾಯಿತು. ಕೊನೆಗೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತೆ. ಅಳು ಬಂತು, ಅತ್ತೆ.

ಆಗ ಬಂದವಳು ಅಥಣಿ ಕಡೆಯ ಜೈನರ ಮನೆಯ ಹುಡುಗಿ. ದ್ರಾಕ್ಷಿ ತೋಟದವರು. ಅವಳ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ: ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲ ಎಂದು ಸಂಜೆ ಎಲ್ಲರಿಗಿಂತ ಮೊದಲು ತಾಟು ಹಿಡಿದು ಊಟಕ್ಕೆ ಓಡುವವಳು. ಮಾಳಿಗೆಯ ಕಡೆ ಬಿಸಿಲು ನೋಡಿ, "ಲಗೂ ಕೊಡ, ಹೊತ್ತ ಮುಣಗಾಕ ಬಂತು," ಎಂದು ಕೈ ಚಾಚಿದಳು. ಒಂದರ ಮೇಲೊಂದು ಮೂರು ಪೇಢೆ ತಿಂದಳು.

"ಖರೇನ ಹುಟ್ಟಿದ ದಿನ?"

"ಖರೇ."

"ನಂಬಿದ್ನಿ."

"ಹೆಂಗ ನಂಬಿದಿ?"

"ಸುಳ್ಳ ಹೇಳೂರ ಮಾರಿ ಹಿಂಗ ಇರಂಗಿಲ್ಲ," ಎಂದು ಹೇಳಿ ನಾಲ್ಕನೆಯದನ್ನು ಬಾಯಿಗೆ ಹಾಕಿಕೊಂಡಳು.

ಮರುವರ್ಷ ಎಪ್ರಿಲ್ ಒಂದರ ಬೆಳಿಗ್ಗೆ ಅವಳು ಬಹಳ ಸಪ್ಪಗೆ ಮುಖ ಮಾಡಿ, ಊರಿಂದ ಚಿಕ್ಕಪ್ಪ ಬಂದಿದ್ದಾರೆ, ಸಂಜೆ ನಿನ್ನ ಜೊತೆ ಊಟಕ್ಕೆ ಬರಲು ಆಗುವುದಿಲ್ಲ ಎಂದಳು. ಸಂಜೆ ನೋಡಿದರೆ ತಾಟು ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿಂದ ಅದು ನಮ್ಮಿಬ್ಬರ ಪದ್ಧತಿಯಾಯಿತು. ಕಾಲೇಜು ಮುಗಿಯಿತು, ಅವಳು ಬೋರಗಾಂವಿನ ಮಗ್ಗದವರ ಮನೆಗೆ ಮದುವೆಯಾಗಿ ಹೋದಳು, ನಾನು ನಿಪ್ಪಾಣಿಯಲ್ಲಿ ಹೈಸ್ಕೂಲು ಟೀಚರಾದೆ. ಪದ್ಧತಿ ಮಾತ್ರ ಬಿಡಲಿಲ್ಲ. ಪ್ರತಿ ಎಪ್ರಿಲ್ ಒಂದರ ಬೆಳಿಗ್ಗೆ, ಮೊದಲು ಕಾರ್ಡಿನಲ್ಲಿ, ಆಮೇಲೆ ಶಾಲೆಯ ಫೋನಿನಲ್ಲಿ, ಈಗೀಗ ಮೊಬೈಲಿನಲ್ಲಿ ಒಂದು ಸುದ್ದಿ ಬರುತ್ತಿತ್ತು: "ಈ ವರ್ಷ ನನಗ ಬರಾಕ ಆಗಂಗಿಲ್ಲ." ಕಾರಣ ಮಾತ್ರ ವರ್ಷಕ್ಕೊಂದು. ಎಮ್ಮೆ ಈದಿದೆ. ಮಗ್ಗದ ಮೋಟರು ಸುಟ್ಟಿದೆ. ಅತ್ತೆಗೆ ಚೇಳು ಕಡಿದಿದೆ. ಆ ಅತ್ತೆ ನಮ್ಮಿಬ್ಬರಿಗಾಗಿ ಏನಿಲ್ಲವೆಂದರೂ ನಾಲ್ಕು ಸಲ ಚೇಳು ಕಡಿಸಿಕೊಂಡಿದ್ದಾರೆ. ಮುನಿಗಳ ಹೆಸರಿನಲ್ಲಿ ಮಾತ್ರ ಅವಳು ಎಂದೂ ಸುಳ್ಳು ಹೇಳಲಿಲ್ಲ. ಸಂಜೆ ನಾಲ್ಕಕ್ಕೆಲ್ಲ ಸ್ಟೀಲಿನ ಡಬ್ಬಿ ಹಿಡಿದು ಬಂದುಬಿಡುತ್ತಿದ್ದಳು. ಹೊತ್ತು ಮುಳುಗುವುದರೊಳಗೆ ಇಬ್ಬರೂ ಉಂಡು, ಅವಳನ್ನು ಬಸ್ಸು ಹತ್ತಿಸಿ ನಾನು ಮನೆಗೆ ಬರುತ್ತಿದ್ದೆ.

ಬರುವುದಿಲ್ಲ ಎಂಬ ಸುದ್ದಿ ಬಂದರೆ ಅವಳು ಬರುತ್ತಾಳೆ ಎಂದು ಅರ್ಥ. ಕೊನೆಕೊನೆಗೆ ವರ್ಷದಲ್ಲಿ ಆ ಒಂದು ಊಟಕ್ಕೆ ಮಾತ್ರ ನನ್ನೆದುರು ಇನ್ನೊಂದು ತಾಟು ಇರುತ್ತಿತ್ತು. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ಆದರೆ ಹೇಳಲು ಬಹಳ ದಿನ ನಾಚಿಕೆ ಇತ್ತು.

ನಾನು ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಅವ್ವನನ್ನು ನೋಡಿಕೊಳ್ಳುತ್ತ ವರ್ಷಗಳು ಹೋದವು, ಆಮೇಲೆ ಅವ್ವನೂ ಹೋದಳು. ನಿಪ್ಪಾಣಿಯಲ್ಲಿ ಮಾಳಿಗೆಯ ಮೇಲಿನ ಬಾಡಿಗೆ ಮನೆ ನನ್ನದು. ಕೆಳಗೆ ಮಾಲಕರು. ಮಾಲಕರ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ, ಅವರು ಟೀಚರಮ್ಮ ಎಂಬ ಅರ್ಥದಲ್ಲಿ ನನ್ನನ್ನು ಬಾಯಾರ ಎನ್ನುತ್ತಾರೆ. ಒಳ್ಳೆಯ ಹೆಂಗಸು, ಆದರೆ ಕರುಣೆ ಸ್ವಲ್ಪ ಜಾಸ್ತಿ. ಪ್ರತಿ ಹಬ್ಬಕ್ಕೂ ಒಂದು ತಾಟಿನಲ್ಲಿ ಅಡಿಗೆ ಮುಚ್ಚಿಕೊಂಡು ಮೇಲೆ ಬಂದು, "ಒಬ್ಬಾಕಿನ ಇರ್ತೀರಿ, ಪಾಪ," ಎಂದು ಇಟ್ಟು ಹೋಗುತ್ತಿದ್ದರು. ಹೋಳಿಗೆ ಚೆನ್ನಾಗಿರುತ್ತಿತ್ತು. ಆ ಪಾಪ ಎಂಬುದು ಮಾತ್ರ ಗಂಟಲಿಗೆ ಅಡ್ಡ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೇ ಒಂದು ದೀಪಾವಳಿಗೆ ನಾನು ಬಾಯಿಗೆ ಬಂದ ಸುಳ್ಳು ಹೇಳಿದೆ: "ಇವತ್ತ ಬೋರಗಾಂವಿಗೆ ಹೊಂಟೀನ್ರಿ ವೈನಿ. ಗೆಳತಿ ಮನ್ಯಾಗ ಹಬ್ಬ. ಬಿಡಂಗಿಲ್ಲ ಅಂತಾಳ."

ಹೇಳಿದ ಮೇಲೆ ಎಲ್ಲಿಗಾದರೂ ಹೋಗಬೇಕಲ್ಲ. ಸಿಕ್ಕ ಬಸ್ಸು ಹತ್ತಿ, ಚಿಕ್ಕೋಡಿ ದಾಟಿ, ರಾಯಬಾಗ ದಾಟಿ ಕುಡಚಿಗೆ ಹೋದೆ. ರೈಲ್ವೆ ಸ್ಟೇಶನ್ನಿನ ಬೆಂಚಿನ ಮೇಲೆ ಸಂಜೆಯವರೆಗೂ ಕುಳಿತೆ. ಎಂಥ ಒಳ್ಳೆಯ ಜಾಗ ಅದು! ಅಲ್ಲಿ ಕುಳಿತವರೆಲ್ಲ ಯಾರಿಗೋ ಕಾಯುತ್ತಿರುತ್ತಾರೆ, ಹಾಗಾಗಿ ಒಬ್ಬರೇ ಏಕೆ ಕುಳಿತಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಊರಲ್ಲಿ ಮುಸ್ಲಿಮರ ಅಂಗಡಿಗಳು ಬಹಳ. ನಮ್ಮ ಹಬ್ಬದ ದಿನವೂ ಚಹಾ, ಭಜಿ ಸಿಗುತ್ತವೆ, ಹಬ್ಬ ಆಯಿತೇ ಎಂದು ವಿಚಾರಿಸುವವರೂ ಇಲ್ಲ. ಆಮೇಲೆ ಪ್ರತಿ ಹಬ್ಬಕ್ಕೂ ಅದೇ ಬೆಂಚು. ಮೊಬೈಲ್ ಬಂದ ಮೇಲೆ ಅದನ್ನು ಬಂದ್ ಮಾಡಿ ಕುಳಿತುಕೊಳ್ಳುವ ರೂಢಿಯಾಯಿತು. ಚಾಲೂ ಇದ್ದು ಸದ್ದು ಮಾಡದಿರುವುದಕ್ಕಿಂತ ಬಂದ್ ಇದ್ದು ಸದ್ದು ಮಾಡದಿರುವುದು ಮೇಲು.

ಇದನ್ನು ಗೆಳತಿಗೆ ನಾನು ಎಂದೂ ಹೇಳಲಿಲ್ಲ. ಹೇಳಿದ್ದರೆ ಪ್ರತಿ ಹಬ್ಬಕ್ಕೂ ಕರೆಯುತ್ತಿದ್ದಳು, ಅದು ನನಗೆ ಗೊತ್ತು. ಕರುಣೆಯ ತಾಟು ಕೆಳಗಿನ ಮನೆಯಿಂದ ಬಂದರೇನು, ಬೋರಗಾಂವಿನಿಂದ ಬಂದರೇನು ಎಂಬ ಸೊಕ್ಕು ನನ್ನದು.

ಹೀಗೆ ನಡೆದುಕೊಂಡು ಬಂದದ್ದು ಜನವರಿಯ ಒಂದನೇ ತಾರೀಖಿಗೆ ಕೆಟ್ಟಿತು.

ನಮ್ಮ ಹಾಸ್ಟೆಲಿನ ಹಳೆಯ ಗೆಳತಿಯರ ವಾಟ್ಸಾಪ್ ಗುಂಪು ಒಂದಿದೆ. ಯಾರೋ ಹೊಸ ವರ್ಷದ ಶುಭಾಶಯ ಹಾಕಿದರು. ಅದರ ಕೆಳಗೆ ಬೋರಗಾಂವಿನ ನನ್ನ ಗೆಳತಿ ಎಲ್ಲಿಂದಲೋ ಬಂದ ಉದ್ದನೆಯ ಸಂದೇಶವನ್ನು ಮುಂದೆ ತಳ್ಳಿದಳು. ಇದು ನಮ್ಮ ಹೊಸ ವರ್ಷವಲ್ಲ, ನಮ್ಮದು ಯುಗಾದಿ ಪಾಡ್ಯ. ಎಪ್ರಿಲ್ ಸುತ್ತಮುತ್ತ ಹೊಸ ವರ್ಷ ಆಚರಿಸುವ ನಮ್ಮವರನ್ನು ಅಣಕಿಸಲೆಂದೇ ಬ್ರಿಟಿಷರು ಮೂರ್ಖರ ದಿನ ಹುಟ್ಟುಹಾಕಿದರು ಎಂದು ಅದರಲ್ಲಿತ್ತು. ಕೊನೆಗೆ ಅವಳೇ ಎರಡು ಸಾಲು ಸೇರಿಸಿದ್ದಳು: ನಮ್ಮ ಟೀಚರ್ ಬಾಯಿ ಹುಟ್ಟಿದ್ದೂ ಪಾಡ್ಯದ ದಿನವೇ, ಇಷ್ಟು ವರ್ಷ ಅವರು ಅಣಕಿಸುವ ದಿನ ಉಂಡೆವು, ಇನ್ನು ಸಾಕು.

ನಾನು ಇತಿಹಾಸದ ಟೀಚರ್. ತಪ್ಪು ಕಂಡರೆ ಕೆಂಪು ಪೆನ್ನು ತಾನಾಗಿ ಕೈಗೆ ಬರುತ್ತದೆ. ಕುಳಿತು ಪಾಠ ಬರೆದೆ. ಫ್ರಾನ್ಸಿನಲ್ಲಿ ವಸಂತದಲ್ಲಿ ಆರಂಭವಾಗುತ್ತಿದ್ದ ವರ್ಷವನ್ನು ರಾಜನೊಬ್ಬ ಜನವರಿಗೆ ಸರಿಸಿದ, ಸುದ್ದಿ ಮುಟ್ಟದ ಹಳ್ಳಿಯವರು ಹಳೆಯ ದಿನವೇ ಉಡುಗೊರೆ ಹಿಡಿದು ನೆಂಟರ ಮನೆಗೆ ಹೋದರು, ಪೇಟೆಯವರು ಅವರಿಗೆ ಸುಳ್ಳು ಉಡುಗೊರೆ, ಸುಳ್ಳು ಆಮಂತ್ರಣ ಕೊಟ್ಟು ನಕ್ಕರು ಎಂದು ಒಂದು ಕಥೆ. ಆ ಕಥೆಯನ್ನೂ ಎಲ್ಲರೂ ಒಪ್ಪುವುದಿಲ್ಲ. ರಾಜ ಆಜ್ಞೆ ಹೊರಡಿಸುವ ಮೊದಲೇ ಆ ಕಡೆ ಎಪ್ರಿಲ್ ಒಂದರ ಕೀಟಲೆ ಇತ್ತು ಎನ್ನುವವರಿದ್ದಾರೆ. ಇಂಗ್ಲೆಂಡಿನವರು ತಮ್ಮ ಕ್ಯಾಲೆಂಡರ್ ತಿದ್ದಿಕೊಂಡದ್ದು ಎಷ್ಟೋ ಕಾಲದ ಮೇಲೆ, ಅಷ್ಟರಲ್ಲಿ ಅವರಲ್ಲಿಯೂ ಈ ದಿನ ರೂಢಿಯಲ್ಲಿತ್ತು. ಅವರು ನಮ್ಮನ್ನು ಆಳುವುದಕ್ಕೆ ಮೊದಲಿನ ಮಾತು ಇದು, ನಮ್ಮ ಯುಗಾದಿ ಆಗ ಅವರಿಗೆ ಗೊತ್ತೂ ಇರಲಿಲ್ಲ. ನಿಜವಾದ ಮೂಲ ಯಾವುದೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಇಷ್ಟಕ್ಕೆ ನಿಲ್ಲಿಸಬೇಕಿತ್ತು. ನಾನು ಕೊನೆಗೆ, "ಓದದೆ ಮುಂದೆ ತಳ್ಳುವವರು ಇರುವವರೆಗೆ ಮೂರ್ಖರ ದಿನಕ್ಕೆ ಸಾವಿಲ್ಲ," ಎಂದು ಬರೆದೆ. ಹತ್ತು ಜನ ನಗುವ ಮುಖ ಹಾಕಿದರು. ಹತ್ತು ನಿಮಿಷದಲ್ಲಿ ಅವಳು ಗುಂಪಿನಿಂದ ಹೊರಗೆ ಹೋದಳು.

ನನ್ನ ಮಾತು ಸರಿಯಾಗಿತ್ತು. ಈಗಲೂ ಸರಿಯೇ. ಆ ಸರಿಯನ್ನು ಇಟ್ಟುಕೊಂಡು ಜನವರಿ, ಫೆಬ್ರವರಿ, ಮಾರ್ಚ್ ಕಳೆದೆ. ಫೋನ್ ಮಾಡಿ ತಪ್ಪಾಯಿತು ಅನ್ನಬಹುದಿತ್ತು. ಅವಳೇ ಮಾಡಲಿ ಎಂದು ಕುಳಿತೆ. ಒಂದು ದಿನ ಒಂಬತ್ತನೆಯ ತರಗತಿಗೆ ರಾಷ್ಟ್ರೀಯ ಪಂಚಾಂಗದ ಬಗ್ಗೆ ಹೇಳಿದೆ. ದೇಶಕ್ಕೆಲ್ಲ ಒಂದೇ ಇರಲಿ ಎಂದು ಪಂಡಿತರು ಕುಳಿತು ತಿದ್ದಿ ಮಾಡಿದ ಕ್ಯಾಲೆಂಡರ್ ಅದು, ಮಾರ್ಚ್ ಇಪ್ಪತ್ತೆರಡಕ್ಕೆ ಅದರ ಚೈತ್ರ ಒಂದು. ಸರಕಾರದ ಕಾಗದಗಳಲ್ಲಿದೆ, ಜನರಿಗೆ ಮುಟ್ಟಲೇ ಇಲ್ಲ. ಕ್ಲಾಸಿನಲ್ಲಿ ಒಬ್ಬರೂ ಅದರ ಹೆಸರು ಕೇಳಿರಲಿಲ್ಲ. ದಿನ ಬದಲಾಯಿಸುವುದು ಸುಲಭ, ಸುದ್ದಿ ಮುಟ್ಟಿಸುವುದೇ ಕಷ್ಟ ಎಂದು ಮಕ್ಕಳಿಗೆ ಹೇಳಿದೆ. ಅವರು ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ.

ಆ ವರ್ಷ ಪಾಡ್ಯ ಎಪ್ರಿಲ್ ಒಂದಕ್ಕಿಂತ ಎರಡು ದಿನ ಮೊದಲು ಬಂತು. ವೈನಿ ಬೆಳಿಗ್ಗೆಯೇ ಮಾಳಿಗೆಯ ಮೇಲೆ, ನನ್ನ ಬಾಗಿಲ ಪಕ್ಕದಲ್ಲೇ ಪಾಡವಾದ ಗುಢಿ ಏರಿಸಿದ್ದರು. ಕೋಲಿಗೆ ಹಸಿರು ಸೀರೆ, ಬೇವಿನ ಟೊಂಗೆ, ಮೇಲೆ ಬೋರಲು ಹಾಕಿದ ತಂಬಿಗೆ. ನನಗೆ ಬೇವು ಬೆಲ್ಲ ಕೊಟ್ಟು, "ಇವತ್ತೂ ಬೋರಗಾಂವ ಏನ್ರಿ ಬಾಯಾರ?" ಎಂದರು.

"ಹೌದ್ರಿ ವೈನಿ. ಹಾದಿ ನೋಡಾಕತ್ತಿರ್ತಾಳ," ಎಂದು ಚಪ್ಪಲಿ ಮೆಟ್ಟಿದೆ.

ಕುಡಚಿಯಲ್ಲಿ ಅವತ್ತು ಬೆಂಚಿನ ಮೇಲೂ ನೆಮ್ಮದಿ ಇರಲಿಲ್ಲ. ರಮಜಾನಿನ ಕಡೆಯ ದಿನ. ಪೇಟೆಯ ತುಂಬ ಶಾವಿಗೆ, ಬಳೆ, ಹೊಸ ಬಟ್ಟೆ, ಗದ್ದಲ. ಸಂಜೆಗೆ ಚಂದ್ರ ಕಂಡರೆ ನಾಳೆ ಹಬ್ಬ, ಕಾಣದಿದ್ದರೆ ನಾಡಿದ್ದು. ಅವರ ವರ್ಷಕ್ಕೆ ಅಧಿಕಮಾಸ ಸೇರಿಸಿ ಸರಿದೂಗಿಸುವ ಲೆಕ್ಕವಿಲ್ಲ, ಹಾಗಾಗಿ ಹಬ್ಬ ವರ್ಷವರ್ಷವೂ ಸ್ವಲ್ಪ ಹಿಂದೆ ಸರಿಯುತ್ತ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. ಆ ಸಲ ನಮ್ಮ ಪಾಡ್ಯಕ್ಕೆ ಬಂದು ತಾಕಿತ್ತು. ನನ್ನ ಬೆಂಚಿನ ಕೊನೆಯಲ್ಲಿ ಕುಳಿತ ಒಬ್ಬ ಅಜ್ಜಿ, ಮೀರಜ ಕಡೆಯಿಂದ ಬರುವ ರೈಲಿಗೆ ಕಾಯುತ್ತಿದ್ದವಳು, "ಯಾರ ಬರೂರು ಬೇಟಿ?" ಎಂದು ಕೇಳಿಬಿಟ್ಟಳು. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

"ಯಾರೂ ಇಲ್ರಿ," ಎಂದೆ. ಅಜ್ಜಿ ಅರ್ಥವಾಗದೆ ನಕ್ಕಳು. ಅವಳ ರೈಲು ಬಂತು, ಮೊಮ್ಮಕ್ಕಳು ಇಳಿದರು, ಎಲ್ಲರೂ ಹೋದರು. ನಾನು ಆರೂವರೆಯ ಬಸ್ಸು ಹಿಡಿದೆ. ರಾಯಬಾಗದ ಹತ್ತಿರ ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಬಾಗಿದರು. ಕಬ್ಬಿನ ಮೇಲೆ ಎಳೆ ಚಂದ್ರ ಕಂಡಿತ್ತು. ಪಾಡ್ಯದ ನಂತರ ನಾವು ಕೈ ಮುಗಿಯುವ ಚಂದ್ರನೂ ಅದೇ. ಅವ್ವ ಇದ್ದಾಗ ನನ್ನನ್ನು ಅಂಗಳಕ್ಕೆ ಎಳೆದು ತೋರಿಸುತ್ತಿದ್ದಳು.

ಎಪ್ರಿಲ್ ಒಂದು ಬಂತು. ಬೆಳಿಗ್ಗೆ ಆರಕ್ಕೆ ಬ್ಯಾಂಕಿನಿಂದ ಹುಟ್ಟುಹಬ್ಬದ ಶುಭಾಶಯ ಬಂತು. ಬ್ಯಾಂಕು ನನ್ನನ್ನು ಎಂದೂ ಅನುಮಾನಿಸಿಲ್ಲ. ಆಮೇಲೆ ಮೊಬೈಲನ್ನು ಎಲ್ಲಿ ಹೋದರೂ ಕೈಯಲ್ಲೇ ಹಿಡಿದುಕೊಂಡು ತಿರುಗಿದೆ. ಶಾಲೆಯಲ್ಲಿ ಹುಡುಗಿಯರು, "ಟೀಚರ್, ನಿಮ್ಮ ಸೀರಿಗೆ ಶಾಯಿ ಹತ್ತೇತ್ರಿ," ಎಂದು ಕೂಗಿ ಓಡಿದರು. ನಾನು ಹಿಂದೆ ತಿರುಗಿ ನೋಡಿದ್ದಕ್ಕೆ ಅವರಿಗೆ ಖುಷಿಯಾಯಿತು. ಹತ್ತು ಗಂಟೆಯಾಯಿತು, ಹನ್ನೆರಡಾಯಿತು. ಎಮ್ಮೆ ಈಯಲಿಲ್ಲ, ಮೋಟರು ಸುಡಲಿಲ್ಲ, ಅತ್ತೆಗೆ ಚೇಳು ಕಡಿಯಲಿಲ್ಲ. ಬರುವುದಿಲ್ಲ ಎಂದು ಅವಳು ಹೇಳಲಿಲ್ಲ, ಆದ್ದರಿಂದ ಬರುವುದಿಲ್ಲ ಎಂದು ಗೊತ್ತಾಯಿತು. ಮೂರು ಗಂಟೆಯ ಮೇಲೆ ನಾನು ಫೋನ್ ನೋಡುವುದನ್ನು ಬಿಟ್ಟೆ. ಕೊನೆಯ ತಾಸಿನಲ್ಲಿ ಒಂದೇ ಪಾಠವನ್ನು ಎರಡು ಸಲ ಹೇಳಿದೆ. ಅವ್ವ ಹೋದ ವಾರ ಹೀಗಾಗಿತ್ತು, ಆಮೇಲೆ ಇವತ್ತೇ.

ಸಂಜೆ ಮನೆಗೆ ಬಂದು ಮೆಟ್ಟಿಲು ಹತ್ತುವಾಗ ವೈನಿ ಕೆಳಗಿನಿಂದ ಕರೆದರು. ಕೈಯಲ್ಲಿ ತೊಳೆದು ಒರೆಸಿದ ಸ್ಟೀಲಿನ ಡಬ್ಬಿ. ಅದರ ಮುಚ್ಚಳದ ಮೇಲಿನ ನೆಗ್ಗು ನನಗೆ ಗುರುತಿತ್ತು, ಒಂದು ವರ್ಷ ನನ್ನ ಕೈಯಿಂದಲೇ ಬಿದ್ದು ಆದದ್ದು.

"ಇದನ್ನ ಕೊಡೂದ ಮರತ ಬಿಟ್ಟಿದ್ನಿ ನೋಡ್ರಿ," ಎಂದರು. "ಪಾಡವಾದ ದಿನ ನಿಮ್ಮ ಗೆಳತಿ ಬಂದಿದ್ರು. ಬಾಯಾರ ನಿಮ್ಮ ಮನಿಗೇ ಹೋಗ್ಯಾರಲ್ರಿ, ನಿಮ್ಮನ್ಯಾಗ ಹಬ್ಬ ಅಂದ್ರು, ಅಂದ್ನಿ. ಒಂದ ಗಳಿಗಿ ಹಂಗ ನಿಂತ್ರು. ಆಮ್ಯಾಲ, ಅಯ್ಯೋ ಹೌದೇನ್ರಿ ಅಂತ ಡಬ್ಬಿ ಇಲ್ಲೇ ಬಿಟ್ಟ ಬಸ್ಸಿಗೆ ಓಡಿದ್ರು. ಅಲ್ಲೇ ಭೆಟ್ಟಿ ಆದ್ರಲಾ?"

ಡಬ್ಬಿ ಕೈಗೆ ತೆಗೆದುಕೊಂಡೆ. "ಇದರಾಗ ಏನಿತ್ರಿ ವೈನಿ?" ಎಂದೆ, ಅದೊಂದೇ ಹೊಳೆಯಿತು.

"ಹೋಳಿಗಿ. ಕೆಡತಾವ ಅಂತ ನಾವ ತಿಂದ್ವಿ. ನೀವಂತೂ ಅಲ್ಲೇ ಉಂಡಿರ್ತೀರಿ ಅಂತ. ಭಾಳ ಛಲೋ ಆಗಿದ್ದೂ."

ಮೇಲೆ ಬಂದು ಬಾಗಿಲು ಹಾಕಿ, ಖಾಲಿ ಡಬ್ಬಿ ಹಿಡಿದು ಕುಳಿತೆ. ಜನವರಿಯಲ್ಲಿ ಇನ್ನು ಸಾಕು ಎಂದು ಅವಳು ಬರೆದದ್ದು ಊಟ ಸಾಕು ಎಂದಲ್ಲ, ದಿನ ಸಾಕು ಎಂದು. ತನ್ನ ಮಾತನ್ನೂ ಬಿಡದೆ ನನ್ನನ್ನೂ ಬಿಡದೆ, ಅವ್ವ ಹೇಳಿದ ದಿನಕ್ಕೆ ಊಟ ಸರಿಸಿಕೊಂಡು, ಹಬ್ಬದ ಮನೆ ಬಿಟ್ಟು ಬಂದಿದ್ದಳು. ನಾನು ಸುದ್ದಿ ಮುಟ್ಟದ ಹಳ್ಳಿಯವಳು, ಹಳೆಯ ದಿನಕ್ಕೇ ಕಾಯುತ್ತಿದ್ದೆ. ಅದೂ ಹೋಗಲಿ. ನಾನು ತನ್ನ ಮನೆಗೇ ಬಂದಿದ್ದೇನೆ ಎಂದು ನಂಬಿ ಅವಳು ಬೋರಗಾಂವಿಗೆ ಓಡಿದ್ದಳು. ಅಲ್ಲಿ ನಾನು ಇರಲಿಲ್ಲ. ನಾನು ಹೇಳಿದ ಸುಳ್ಳು ಎರಡು ದಿನ ಮೊದಲೇ ಅವಳನ್ನು ಮೂರ್ಖಳನ್ನಾಗಿ ಮಾಡಿತ್ತು. ಈ ವರ್ಷ ಇದು ಎರಡನೆಯ ಸಲ: ಗುಂಪಿನಲ್ಲಿ ಒಮ್ಮೆ, ಮನೆ ಬಾಗಿಲಿಗೆ ಬಂದಾಗ ಇನ್ನೊಮ್ಮೆ.

ಗಡಿಯಾರದಲ್ಲಿ ಐದು. ಫೋನ್ ಹಚ್ಚಿದೆ. ಎತ್ತಿದಳು. ಹಿಂದೆ ಮಗ್ಗಗಳು ಖಟಖಟ ಅನ್ನುತ್ತಿದ್ದವು. ತಪ್ಪಾಯಿತು ಅನ್ನೋಣ ಎಂದರೆ ನಾಲಿಗೆ ಹೊರಳಲಿಲ್ಲ. ಇವತ್ತು ಎಪ್ರಿಲ್ ಒಂದು, ಏನು ಹೇಳಿದರೆ ತಾನೇ ನಂಬುತ್ತಾಳೆ ಅನ್ನಿಸಿತು. ಕೊನೆಗೆ ಬಂದದ್ದು ಅವಳದೇ ಮಾತು.

"ಈ ವರ್ಷ ನನಗ ಬರಾಕ ಆಗಂಗಿಲ್ಲ," ಎಂದೆ. "ಎಮ್ಮಿ ಈದೈತಿ."

ನನಗೆ ಎಮ್ಮೆ ಎಲ್ಲಿಂದ ಬರಬೇಕು. ಅವಳು ಫೋನ್ ಇಟ್ಟಳು.

ನಾನು ಡಬ್ಬಿಗೆ ಪೇಢೆ ತುಂಬಿಸಿಕೊಂಡು ಸ್ಟ್ಯಾಂಡಿಗೆ ಹೋದೆ. ಐದೂವರೆಯ ಬಸ್ಸು ಬರಲೇ ಇಲ್ಲ. ಆರೂ ಕಾಲಿಗೆ ಬಂದದ್ದು ಹಳ್ಳಿಹಳ್ಳಿಗೂ ನಿಂತಿತು. ಸೂರ್ಯ ಕಬ್ಬಿನ ಹಿಂದೆ ಇಳಿಯುವುದನ್ನು ನೋಡುತ್ತ, ಜೀವಮಾನದಲ್ಲಿ ಮೊದಲ ಸಲ ಸೂರ್ಯನನ್ನು ಸ್ವಲ್ಪ ತಡೆಯಪ್ಪ ಎಂದು ಬೇಡಿಕೊಂಡೆ. ಬೋರಗಾಂವಿನಲ್ಲಿ ಇಳಿದಾಗ ಬೀದಿ ದೀಪ ಹತ್ತಿದ್ದವು.

ಅವಳು ಬಾಗಿಲಲ್ಲೇ ನಿಂತಿದ್ದಳು. ಬಾ ಅನ್ನಲಿಲ್ಲ, ಪಕ್ಕಕ್ಕೆ ಸರಿದಳು. ಅಡುಗೆಮನೆಯಲ್ಲಿ ಎರಡು ತಾಟು ಬಡಿಸಿ ಮುಚ್ಚಿಟ್ಟದ್ದು ಕಂಡಿತು. ಎರಡೂ ಮುಟ್ಟಿರಲಿಲ್ಲ.

"ನೀ ಊಟಾ ಮಾಡ್ಲಿಲ್ಲ?" ಎಂದೆ.

"ಹೆಂಗ ಮಾಡ್ಲಿ? ನೀ ಬರಂಗಿಲ್ಲ ಅಂತ ಫೋನ್ ಮಾಡಿದಿ. ಕಾಯಬೇಕಾತಲಾ," ಎಂದಳು.

ಇನ್ನು ಬೆಳಗಾಗುವವರೆಗೆ ಅವಳು ಊಟ ಮಾಡುವಂತಿಲ್ಲ. ನಾನು ಗೋಡೆಗೆ ಒರಗಿ ನಿಂತೆ. ಅವಳೇ ಕೇಳಿದಳು: "ಪಾಡ್ಯಾದ ದಿನ ಎಲ್ಲಿ ಹೋಗಿದ್ದಿ? ಹೊತ್ತ ಮುಣಗೂತನಕಾ ಹಾದಿ ನೋಡಿದ್ನಿ. ಫೋನ್ ಮಾಡಿದ್ರ ಬಂದ್. ಬೇಕಂತನ ಫೂಲ್ ಮಾಡಿದಿ ಅಂತ ತಿಳದ್ನಿ."

"ಕುಡಚಿ ಟೇಶನ್ನಿಗೆ."

"ಅಲ್ಲಿ ಯಾರಿದ್ದಾರ ನಿನಗ?"

"ಯಾರೂ ಇಲ್ಲ. ಅದಕ್ಕ ಹೋಗ್ತೀನಿ. ಹಬ್ಬ ಬಂದ್ರ ಅಲ್ಲೇ ಕುಂಡರ್ತೀನಿ. ವೈನಿ ಮುಂದ ನಿನ್ನ ಹೆಸರ ಹೇಳ್ತೀನಿ, ಗೆಳತಿ ಕರದಾಳ ಅಂತ."

"ಎಷ್ಟ ವರ್ಷಾತು?"

"ಅವ್ವ ಹೋದಾಗಿಂದ." ನನಗೆ ಅವಳ ಮುಖ ನೋಡಲಾಗಲಿಲ್ಲ. ನಗಲು ನೋಡಿದೆ. "ಇವತ್ತ ತಾರೀಖ ಒಂದು. ನಂಬಬ್ಯಾಡ."

ಅವಳು ಹತ್ತಿರ ಬಂದು ನನ್ನ ಗದ್ದ ಹಿಡಿದು ಮುಖ ದೀಪದ ಕಡೆ ತಿರುಗಿಸಿದಳು. "ನಂಬಿದ್ನಿ," ಎಂದಳು. ಆಮೇಲೆ ಇಬ್ಬರೂ ಅತ್ತೆವು. ಅವಳು ನನಗಿಂತ ಹೆಚ್ಚು, ಬೈಯುತ್ತ ಬೈಯುತ್ತ.

"ಆರಿ ಹೋಗ್ತೈತಿ, ನೀ ಉಣ್ಣ," ಎಂದು ನನ್ನ ತಾಟು ಮುಂದೆ ಸರಿಸಿದಳು.

"ನೀ ಉಣ್ಣದ ನಾ ಉಣ್ಣಂಗಿಲ್ಲ."

"ಹೊತ್ತ ಹುಟ್ಟಿದ ಮ್ಯಾಲೂ ಎರಡ ಗಳಿಗಿ ಬಿಡಬೇಕ. ತಡಕೋತಿ?"

"ತಡಕೋತೀನಿ," ಎಂದೆ. ಅವಳು ಎರಡೂ ತಾಟನ್ನು ಒಳಗಿಟ್ಟಳು.

ಮರುದಿನ ಬಿಸಿಲು ಅಂಗಳಕ್ಕೆ ಬಂದ ಮೇಲೆ ಇಬ್ಬರೂ ಎದುರುಬದುರು ಕುಳಿತು ಉಂಡೆವು. ಬಿಸಿ ಥಾಲಿಪೆಟ್ಟು, ಬೆಣ್ಣೆ, ನಾನು ತಂದ ಪೇಢೆ. ನನಗೆ ಹೊಟ್ಟೆ ಎಷ್ಟು ಹಸಿದಿತ್ತೆಂದರೆ ಮಾತೇ ಆಡಲಿಲ್ಲ. ಬ್ರಿಟಿಷರ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಸ್ಸು ಹತ್ತಿಸುವಾಗ ಮಾತ್ರ, "ಬಸವ ಜಯಂತಿ, ನಾಗರ ಪಂಚಮಿ, ದೀಪಾವಳಿ, ಒಂದಕ್ಕೂ ಕುಡಚಿ ಇಲ್ಲ, ಹೇಳೇನಿ," ಎಂದು ಬೆರಳು ಮಡಿಚಿ ಎಣಿಸಿದಳು. ನಾನು ನೋಡೋಣ ಎಂದೆ.

ಶಾಲೆ ಮುಟ್ಟುವ ಹೊತ್ತಿಗೆ ಮೊದಲ ತಾಸು ಮುಗಿದಿತ್ತು. ಇಷ್ಟು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವಳಲ್ಲ ನಾನು. ಹೆಡ್ ಮಾಸ್ತರರು ಗಾಬರಿಯಿಂದ, "ಯಾಕ್ರಿ ಟೀಚರ್, ಆರಾಮ ಅದೀರಿಲ್ಲೋ?" ಎಂದರು.

"ಇವತ್ತ ನನ್ನ ಹುಟ್ಟಿದ ದಿನ ಇತ್ರಿ ಸರ್," ಎಂದೆ. ಅವತ್ತು ಎಪ್ರಿಲ್ ಎರಡು. ಅವ್ವ ಹೇಳಿದ್ದೂ ಅಲ್ಲ, ಊರ ಮಾಸ್ತರರು ಬರೆದದ್ದೂ ಅಲ್ಲ.

ಅವರು ಎದ್ದು ನಿಂತು ಕೈ ಮುಗಿದು ಶುಭಾಶಯ ಹೇಳಿದರು. ಒಂದು ಕ್ಷಣವೂ ಅನುಮಾನಿಸಲಿಲ್ಲ.